ಆನೆಯ ಬಿರುದು

"ನೀರಗಲ್ಲಿಗೆ ದಾರಿ ಯಾವುದಣ್ಣ?"

ಹೊಳೆಯಲ್ಲಿ ಆನೆ ತೊಳೆಯುತ್ತಿದ್ದ ಮಾವುತ ದಸ್ತಗೀರ್ ಸಾಬ ತಲೆಯೆತ್ತಿ ನೋಡಿದ. ದಡದಲ್ಲಿ ಒಬ್ಬ ಹೆಂಗಸು. ಕಂಕುಳಲ್ಲಿ ಗಂಟು, ಕಾಲಿಗೆ ಯಾವುದೋ ದೇಶದ ಜೋಡು.

"ದಾರಿ ಹಿಂದೇನೇ ಬಿಟ್ಟು ಬಂದ್ರಿ ತಾಯಿ. ಆಲದ ಮರದ ಹತ್ತಿರ ಬಲಕ್ಕೆ ತಿರುಗಬೇಕಿತ್ತು."

"ಬಲಕ್ಕೇ ತಿರುಗಿದೆ."

"ಹಾಗಾದರೆ ಅದು ಆಲದ ಮರ ಅಲ್ಲ, ಬಿಡಿ."

ವರದಾಜಮ್ಮ ನಕ್ಕುಬಿಟ್ಟಳು. ಚೆನ್ನಪಟ್ಟಣದಿಂದ ಕೊಚ್ಚಿಯವರೆಗೆ ಬಟ್ಟೆ ವ್ಯಾಪಾರಿಗಳ ಜೊತೆ ಊರೂರು ಸುತ್ತಿ ಏಳೆಂಟು ಭಾಷೆ ಕಲಿತವಳು ಅವಳು. ಆದರೆ ಯಾವ ಭಾಷೆಯಲ್ಲಿ ದಾರಿ ಕೇಳಿದರೂ ತಪ್ಪುವುದು ಮಾತ್ರ ತಪ್ಪಿರಲಿಲ್ಲ. ನೀರಗಲ್ಲಿನ ದೊರೆ ಹಾಲಪ್ಪನಾಯಕ ಅವಳನ್ನು ದುಭಾಷಿಯ ಕೆಲಸಕ್ಕೆ ಕರೆಸಿದ್ದ.

"ಹತ್ತಿ ತಾಯಿ. ಹೊಳೆ ದಾಟಿದರೆ ಅರಮನೆ ಹಿತ್ತಿಲೇ ಸಿಗುತ್ತೆ."

ಆನೆಯ ಹೆಸರು ರಂಭೆ. ನಡುಹೊಳೆಯಲ್ಲಿ ವರದಾಜಮ್ಮ, "ನಿನಗೇನು ಕೊಡಲಿ ಸಾಬಣ್ಣ?" ಎಂದಳು.

"ನಾನೇನು ಹೊತ್ತೆ? ಹೊತ್ತವಳು ಇವಳು. ಋಣ ಇವಳದು."

"ಸರಿ, ರಂಭೆಗೆ ನನ್ನಿಂದ ಒಂದು ಹೊರೆ ಕಬ್ಬು."

"ಬೇಗ ಕೊಡಿ ಹಾಗಾದರೆ. ನಾಳೆ ಇವಳು ಇಲ್ಲಿರ್ತಾಳೋ ಇಲ್ಲವೋ." ಮಾವುತನ ದನಿ ಇಳಿಯಿತು. "ಹಾರ್ಪರ್ ಸಾಹೇಬ ಅಂತ ಒಬ್ಬ ಬಂದಿದ್ದಾನೆ, ನಾಳೆ ಹೊರಡ್ತಾನೆ. ಹೊರಡುವಾಗ ಏನು ಕೇಳಿದರೂ ಕೊಡ್ತೀನಿ ಅಂತ ದೊರೆ ಮೀಸೆ ಮೇಲೆ ಕೈಯಿಟ್ಟು ಹೇಳಿಬಿಟ್ಟಿದ್ದಾರೆ. ಸಾಹೇಬ ದಿನಾ ಬಂದು ಇವಳ ಕಿವಿ ಸವರ್ತಾನೆ. ಮರಿಯಿದ್ದಾಗಿನಿಂದ ಸಾಕಿದ್ದೀನಿ ತಾಯಿ. ಇವಳು ಹೋದರೆ ನಾನು ಯಾರ ಹತ್ತಿರ ಜಗಳ ಆಡಲಿ?"

"ದೊರೆ ಕೊಡದೆ ಇರೋ ವಸ್ತು ಯಾವುದೂ ಇಲ್ಲವಾ?"

"ಒಂದಿದೆ. ಪೀಕದಾನಿ."

"ಎಲೆಯಡಿಕೆ ಉಗುಳೋ ಪೀಕದಾನಿಯಾ?"

"ದೊರೆಯ ತಾತ ಅದಕ್ಕೆ 'ತಾಂಬೂಲರಸ ಧುರಂಧರ' ಅಂತ ಬಿರುದು ಕೊಟ್ಟಿದ್ದರಂತೆ. ತುಂಬಿದ ಸಭೇಲಿ ಬಿರುದು ಪಡೆದದ್ದು ಅರಮನೆ ಬಿಟ್ಟು ಹೋಗಬಾರದು, ಅದು ಇಲ್ಲಿನ ಕಟ್ಟಳೆ. ಈಗ ಅದು ಸೋರುತ್ತೆ. ಆದರೂ ಬಿಸಾಕೋ ಹಾಗಿಲ್ಲ."

ಮಾರನೆಯ ಬೆಳಿಗ್ಗೆ ದರ್ಬಾರು. ಆ ಅರಮನೆಯಲ್ಲಿ ಯಾರ ಹೆಸರೂ ಬರಿದಾಗಿ ಬರುತ್ತಿರಲಿಲ್ಲ. ವಂದಿಮಾಗಧರು ಅಡುಗೆಯವನಿಗೂ ಮೂರು ಮಾರು ಬಿರುದು ಕೂಗಿಯೇ ಒಳಗೆ ಬಿಡುತ್ತಿದ್ದರು. ವರದಾಜಮ್ಮನ ಸರದಿ ಬರುವ ಹೊತ್ತಿಗೆ ಅವಳಿಗೆ ಆಕಳಿಕೆ ಬಂದಿತ್ತು.

"ಏನಮ್ಮ ದುಭಾಷಿ, ನಿನ್ನ ಅಗತ್ಯವೇ ಬೀಳಲಿಕ್ಕಿಲ್ಲ," ಎಂದ ದೊರೆ. "ಇಂಗ್ಲಿಷು ನನಗೂ ಬರುತ್ತದೆ. ಸುಮ್ಮನೆ ಪಕ್ಕದಲ್ಲಿ ನಿಂತಿರು, ಶೋಭೆಗೆ."

ಹಾರ್ಪರ್ ಸಾಹೇಬ ಎದ್ದು ಕೆಮ್ಮಿದ. ತನಗೆ ಬೇಕಾದದ್ದನ್ನು ಹೇಳಿದ:

"ದಿ ಸ್ಯಾಂಡಲ್‌ವುಡ್, ಆಂಡ್ ಆಲ್ಸೋ ದಿ ಶಾಲ್ಸ್, ಆಂಡ್ ಈವನ್ ದಿ ಹಾರ್ಸ್. ಆಂಡ್ ಎಸ್ಪೆಷಲಿ ದಿ ಎಲಿಫೆಂಟ್."

ವರದಾಜಮ್ಮನಿಗೆ ಈ ಇಂಗ್ಲಿಷರ ಚಾಳಿ ಚೆನ್ನಾಗಿ ಗೊತ್ತು. ಒಂದು ವಸ್ತುವಿನ ಹೆಸರು ಹೇಳುವ ಮುಂಚೆ ಎರಡು ಪುಟ್ಟ ಮಾತುಗಳನ್ನು ಮುಂದೆ ಓಡಿಸುತ್ತಾರೆ. ಮೊದಲನೆಯದು ಹಿಂದಿನದಕ್ಕೆ ಗಂಟು ಹಾಕುತ್ತದೆ. ಎರಡನೆಯದು ಬಾಯಲ್ಲಿ ಎಷ್ಟು ನೀರೂರಿದೆ ಎಂದು ತೋರಿಸಿಕೊಡುತ್ತದೆ. 'ಇದೂ ಇರಲಿ', 'ಇದನ್ನು ಕೂಡ ಬಿಡಲಾರೆ', 'ಎಲ್ಲಕ್ಕಿಂತ ಇದೇ ಬೇಕು'. ರಂಭೆಯ ಹೆಸರಿನ ಮುಂದೆ ಹೊಳೆಯೇ ಹರಿದಿತ್ತು.

ದೊರೆಯ ಮುಖ ಮಾತ್ರ ಕಪ್ಪಿಟ್ಟಿತು. ಮೆಲ್ಲಗೆ ಇವಳತ್ತ ಬಾಗಿದ.

"ಕೇಳಿದೆಯೇನಮ್ಮ? ಶಾಲಿಗೆ 'ಆಂಡ್ ಆಲ್ಸೋ' ಅಂತ ಬಿರುದು. ಕುದುರೆಗೆ 'ಆಂಡ್ ಈವನ್'. ಆನೆಗೆ ನೋಡು, ಇಷ್ಟುದ್ದ. ಬಂದ ದಿನ ನನ್ನನ್ನು ಏನೆಂದ ಗೊತ್ತೇ? ಬರೀ 'ದಿ ಕಿಂಗ್'."

ವರದಾಜಮ್ಮ ತುಟಿ ಕಚ್ಚಿ ನಗು ನುಂಗಿದಳು.

"ಗಂಧಕ್ಕೂ ಬರೀ 'ದಿ', ನನಗೂ ಬರೀ 'ದಿ'," ದೊರೆ ಹಲ್ಲು ಕಡಿದ. "ನನಗಿಂತ ದೊಡ್ಡ ಬಿರುದಿನ ಪ್ರಾಣಿ ನನ್ನ ಲಾಯದಲ್ಲಿ ಇರಕೂಡದು. ಈಗಲೇ ಸಾಹೇಬನ ಜೊತೆ ತೊಲಗಲಿ."

ಬಾಗಿಲ ಬಳಿ ದಸ್ತಗೀರ್ ಸಾಬ ರುಮಾಲಿನ ತುದಿ ಕಚ್ಚಿಕೊಂಡು ನಿಂತಿದ್ದ. ವರದಾಜಮ್ಮ ಲೆಕ್ಕ ಹಾಕಿದಳು. ಅದು ಬಿರುದಲ್ಲ, ಆಸೆ ಎಂದು ತಿಳಿಸಿ ಹೇಳಿದರೆ ದೊರೆ ಕೊಟ್ಟ ಮಾತಿಗಾಗಿ ಆನೆ ಕೊಡುತ್ತಾನೆ. ಸುಮ್ಮನಿದ್ದರೆ ಹೊಟ್ಟೆಕಿಚ್ಚಿಗಾಗಿ ಕೊಡುತ್ತಾನೆ. ಇನ್ನು ಉಳಿದದ್ದು ಪೀಕದಾನಿ.

"ಪ್ರಭು, ಆ ಪೀಕದಾನಿಯನ್ನೂ ಸಾಹೇಬರಿಗೆ ಕೊಟ್ಟುಬಿಡಬಹುದಲ್ಲ. ಸೋರುತ್ತದಂತೆ."

"ಛೆ, ಬಿರುದಾಂಕಿತ ಪೀಕದಾನಿ ಅದು. ಸಭೆಯಲ್ಲಿ ಬಿರುದು ಬಂದದ್ದು ಹೊಸ್ತಿಲು ದಾಟಬಾರದು."

"ಹೌದೇ? ಹಾಗಾದರೆ ಆನೆ ಹೇಗೆ ದಾಟುತ್ತದೆ?"

ದೊರೆ ಮೀಸೆ ಸವರಿಕೊಂಡ. "ಬಿರುದು ನಾನು ಕೊಟ್ಟದ್ದಲ್ಲವಲ್ಲ."

"ಸಭೆ ದೊರೆಗಳದೇ. ಹೆಸರಿನ ಮುಂದೆ ಬಂದದ್ದು ಬಿರುದು ಎಂದು ಅಪ್ಪಣೆಯಾದದ್ದೂ ತಮ್ಮ ಬಾಯಿಂದಲೇ. ಅಲ್ಲ ಅನ್ನಲು ನಾನ್ಯಾರು?"

"ಶಾಲು, ಕುದುರೆ?"

"ಅವೂ ಉಳಿದವು. ಗಂಧ ಮಾತ್ರ ಬರಿಗಾಲಲ್ಲಿ ಬಂದಿದೆ, ಪಾಪ. ಅದು ಹೋಗಲಿ."

ದೊರೆಗೆ ಒಳಗೊಳಗೇ ಹಿತವಾಯಿತು. ಆದರೂ ಮನಸ್ಸಿನ ಮುಳ್ಳು ಹೋಗಲಿಲ್ಲ. "ಉಳಿದರೆ ನನಗಿಂತ ದೊಡ್ಡದಾಗಿ ಉಳಿಯುತ್ತದಲ್ಲಮ್ಮ ಆ ಆನೆ. ಜನ ಏನೆಂದಾರು?"

"ದಸರೆಗೆ ದೊರೆಗಳು ಯಾವುದರ ಮೇಲೆ ಕೂರುತ್ತೀರಿ?"

"ರಂಭೆಯ ಮೇಲೆ."

"ಬಿರುದನ್ನು ತಲೆಯ ಮೇಲೆ ಹೊರುವವರು ಊರಿಗೊಬ್ಬರಿದ್ದಾರೆ ಪ್ರಭು. ಬಿರುದಿನ ಮೇಲೇ ಕೂರುವವರನ್ನು ನಾನು ಎಲ್ಲೂ ಕಂಡಿಲ್ಲ."

ದೊರೆ ಕಿರೀಟ ಜಾರುವಷ್ಟು ನಕ್ಕ. ವರದಾಜಮ್ಮ ಸಾಹೇಬನ ಕಡೆ ತಿರುಗಿ, ನೀವು ಅಷ್ಟು ಬಾಯ್ತುಂಬ ಕರೆದದ್ದನ್ನೆಲ್ಲ ಈ ಅರಮನೆ ಕಳಿಸಿಕೊಡುವುದಿಲ್ಲ, ಇಲ್ಲಿನ ಪದ್ಧತಿ ಹಾಗೆ ಎಂದು ಅವನ ಭಾಷೆಯಲ್ಲೇ ತಿಳಿಸಿದಳು. ಸಾಹೇಬ ಹುಬ್ಬೇರಿಸಿದ, ಇನ್ನು ಮುಂದೆ ಆಸೆಯನ್ನು ಗಂಟಲಲ್ಲೇ ಇಟ್ಟುಕೊಳ್ಳುತ್ತೇನೆ ಎಂದ. ಗಂಧ ಹೇರಿಸಿಕೊಂಡು ಹೊರಟ.

"ನಿನಗೇನು ಬೇಕು ಕೇಳಮ್ಮ," ಎಂದ ದೊರೆ.

"ಒಂದು ಹೊರೆ ಕಬ್ಬು. ಆಂಡ್ ಆಲ್ಸೋ ಒಂದು ಅಚ್ಚು ಬೆಲ್ಲ."

"ಎಚ್ಚರಿಕೆ. ಬಿರುದು ಕೊಟ್ಟರೆ ಬೆಲ್ಲ ಇಲ್ಲೇ ಉಳಿದೀತು."

"ಹಾಗಾದರೆ ಬರೀ ಬೆಲ್ಲ, ಪ್ರಭು."

ಲಾಯದಲ್ಲಿ ದಸ್ತಗೀರ್ ಸಾಬ ರಂಭೆಯ ಕಿವಿಯ ಹಿಂದೆ ಮುಖ ಇಟ್ಟುಕೊಂಡು ನಿಂತಿದ್ದ. ಇವಳನ್ನು ಕಂಡು ಕಣ್ಣೊರೆಸಿಕೊಂಡ.

"ಇಷ್ಟು ದೊಡ್ಡ ಬಿರುದು ಬಂದ ಮೇಲೆ ಇವಳು ನನ್ನ ಮಾತು ಕೇಳ್ತಾಳಾ ತಾಯಿ?"

"ಮುಂಚೆ ಕೇಳ್ತಿದ್ದಳಾ?"

"ಇಲ್ಲ."

"ಮತ್ತೆ ಚಿಂತೆ ಯಾಕೆ? ಜಗಳಕ್ಕೆ ಜೊತೆ ಇದ್ದಾಳಲ್ಲ."

ವರದಾಜಮ್ಮ ಹೊರೆ ಬಿಚ್ಚಿ ಕಬ್ಬಿನ ಜಲ್ಲೆ ಒಂದೊಂದಾಗಿ ಸೊಂಡಿಲಿಗೆ ಕೊಟ್ಟಳು. ಕೊನೆಯ ಜಲ್ಲೆಯೂ ಮುಗಿದ ಮೇಲೆ ಬೆಲ್ಲದಚ್ಚನ್ನು ರಂಭೆಯ ಬಾಯಿಗಿಟ್ಟು, ಕೈ ಕೊಡವಿಕೊಂಡಳು.

"ಹೊಳೆ ದಾಟಿಸಿದ ಋಣ ತೀರಿತಮ್ಮ, ರಂಭೆ. ಈಗ ಚೆನ್ನಪಟ್ಟಣಕ್ಕೆ ದಾರಿ ಯಾವ ಕಡೆ ಅಂತ ತೋರಿಸು. ನಿನ್ನ ಮಾವುತನನ್ನು ಕೇಳಿದರೆ ಮತ್ತೆ ಆಲದ ಮರ ಅನ್ನುತ್ತಾನೆ."