ಅಧ್ಯಕ್ಷರ ಕಡೆ ಮುಖ ಮಾಡಿದ ಹುಂಜ

ಶಾಲೆಯ ಮಕ್ಕಳು ಎಣ್ಣೆಡಬ್ಬದ ತಗಡು ಕತ್ತರಿಸಿ ಒಂದು ಹುಂಜ ಮಾಡಿದ್ದರು. ಕಂಬದ ಮೇಲೆ ನಿಂತು, ಗಾಳಿ ಎತ್ತಲಿಂದ ಬೀಸುತ್ತದೋ ಅತ್ತ ಮುಖ ಮಾಡುವುದು ಅದರ ಕೆಲಸ. ಅದನ್ನು ಉದ್ಘಾಟಿಸಬೇಕಿದ್ದ ಆಡಳಿತ ಮಂಡಳಿಯ ಅಧ್ಯಕ್ಷ ಚನ್ನವೀರಪ್ಪನವರು ಹಿಂದಿನ ದಿನ ತಯಾರಿ ನೋಡಲು ಬಂದರು. ಹುಂಜದ ಪುಕ್ಕ ವೇದಿಕೆಯ ಕಡೆಗಿತ್ತು.

"ನನಗ ಪುಕ್ಕ ತೋರಿಸ್ತೈತೇನ್ರಿ ಇದು? ನಾಳೆ ಇದರ ಮುಖ ನನ್ನ ಕಡೆ ಇರಬೇಕು. ಇಲ್ಲಂದ್ರ ನೀವು ಬ್ಯಾರೆ ಸಾಲಿ ನೋಡ್ಕೋರಿ," ಎಂದು ವಿಜ್ಞಾನದ ಟೀಚರಿಗೆ ಹೇಳಿದರು.

"ಆಗಲಿ ಸರ್," ಎಂದಳು ಟೀಚರ್. ಅವಳದು ಕಾಯಂ ನೌಕರಿಯಲ್ಲ.

ಆಷಾಢದ ಗಾಳಿ ಪಡುವಣದಿಂದಲೇ ಬೀಸುವುದು. ಅವಳು ಹುಂಜವನ್ನು ಮುಟ್ಟಲಿಲ್ಲ. ವೇದಿಕೆಯನ್ನೇ ಪಡುವಣಕ್ಕೆ ಹಾಕಿಸಿದಳು. ಅದರ ಹಿಂದೆಯೇ ಹೆಣ್ಣುಮಕ್ಕಳ ಶೌಚಾಲಯವಿತ್ತು. ಅಲ್ಲಿ ನೀರು ಬರುವುದು ನಿಂತು ವರ್ಷಗಳಾಗಿದ್ದವು. ರಿಪೇರಿ ಕೇಳಿದಾಗಲೆಲ್ಲ ಅಧ್ಯಕ್ಷರು "ನೋಡೋಣು" ಎನ್ನುತ್ತಿದ್ದರು. ಹುಡುಗಿಯರು ಮಧ್ಯಾಹ್ನಕ್ಕೇ ಮನೆಗೆ ಓಡುತ್ತಿದ್ದರು.

ಮರುದಿನ ಹುಂಜ ನೇರ ತಮ್ಮನ್ನೇ ನೋಡುತ್ತಿರುವುದನ್ನು ಕಂಡು ಅಧ್ಯಕ್ಷರು ಹಿಗ್ಗಿದರು. ಆಮೇಲೆ ಬೆನ್ನ ಹಿಂದಿನಿಂದ ಗಾಳಿ ಬೀಸಿತು. ಶಾಲನ್ನು ಮೂಗಿಗೆ ಒತ್ತಿಕೊಂಡರು.

"ಎಲ್ಲಿಂದ ಬರಾಕತ್ತೈತ್ರಿ ಈ ನಾತ?"

"ಹುಂಜ ತೋರಿಸಾಕತ್ತೈತಲ್ರಿ ಸರ್," ಎಂದಳು ಟೀಚರ್. "ನಿಮ್ಮ ಕಡಿಂದನ."

ಹುಡುಗಿಯರು ನಕ್ಕರು. ಭಾಷಣ ಎರಡು ಮಾತಿಗೆ ಮುಗಿಯಿತು.

ಇನ್ನು ಶೌಚಾಲಯಕ್ಕೆ ಗೌಂಡಿ ಬಂದೇ ಬರುತ್ತಾನೆ ಎಂದು ಎಲ್ಲರೂ ನಂಬಿದರು. ಸೋಮವಾರ ಬಂದವನು ವೆಲ್ಡರ್. ಹುಂಜವನ್ನು ಮೂಡಣಕ್ಕೆ ತಿರುಗಿಸಿ, ಕಂಬಕ್ಕೆ ಬೆಸೆದು ಹೋದ.

ಅಂದಿನಿಂದ ಆ ಶಾಲೆಯಲ್ಲಿ ಗಾಳಿ ಮೂಡಣದಿಂದ ಬೀಸುತ್ತದೆ. ನಾತ ಪಡುವಣದಿಂದಲೇ ಬರುತ್ತದೆ.