ಕುರಿಗಳು ತುಳಿದ ಕಟ್ಟೆ

“ಗುರುಗಳೇ, ಮೊದಲು ಬಂದವನಿಗೂ ಆಮೇಲೆ ಬಂದವನಿಗೂ ಒಂದೇ ಪಾಲು ಎಂದಾದರೆ, ಮೊದಲು ಬಂದು ಕಷ್ಟಪಟ್ಟವನಿಗೆ ಸಿಕ್ಕಿದ್ದಾದರೂ ಏನು?”

ಹೀಗೆ ಕೇಳಿದವನು ಶಿಷ್ಯರಲ್ಲೆಲ್ಲ ಹಿರಿಯ, ಎಲ್ಲರಿಗಿಂತ ಮೊದಲು ಗುರುಗಳ ಬಳಿಗೆ ಬಂದವನು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಈ ಪ್ರಶ್ನೆಯನ್ನು ಅವನು ಬಹಳ ಕಾಲದಿಂದ ಒಳಗೇ ಇಟ್ಟುಕೊಂಡಿದ್ದನೆಂದು ಗುರುಗಳಿಗೆ ತಿಳಿಯಿತು. ಅವರು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಭರಮ ಎಂಬ ಕುರಿಗಾರನಿದ್ದ. ಅವನ ಅಪ್ಪ, ಅಜ್ಜ ಎಲ್ಲರೂ ಕುರಿಗಳ ಹಿಂದೆ ನಡೆದೇ ಬಾಳಿದವರು. ಸುಗ್ಗಿ ಮುಗಿದ ಮೇಲೆ ಅವರು ಎರೆಹೊಲಗಳ ಸೀಮೆಗೆ ಹೋಗುತ್ತಿದ್ದರು. ಖಾಲಿ ಹೊಲದಲ್ಲಿ ಹಿಂಡನ್ನು ರಾತ್ರಿ ಒಂದೆಡೆ ತರುಬಿ ಮಲಗಿಸಿದರೆ ಹೊಲಕ್ಕೆ ಗೊಬ್ಬರವಾಗುತ್ತಿತ್ತು, ಹೊಲದವನು ಜೋಳ ಅಳೆದು ಕೊಡುತ್ತಿದ್ದ. ಹೀಗೆ ಹೊಲದಿಂದ ಹೊಲಕ್ಕೆ, ಊರಿಂದ ಊರಿಗೆ. ಮಳೆಗಾಲ ಬಂದಾಗ ಮಾತ್ರ ಅವರ ಗೋಳು ಹೇಳತೀರದು. ಎರೆಮಣ್ಣು ಕೆಸರಾಗಿ ಕುರಿಗಳ ಗೊರಸು ಕೊಳೆಯುತ್ತಿತ್ತು. ಕುಂಟುವ ಕುರಿ ಮೇಯುವುದಿಲ್ಲ, ಮೇಯದ ಕುರಿಗೆ ಹಾಲಿಲ್ಲ, ಹಾಲಿಲ್ಲದ ತಾಯಿಯ ಮರಿ ಉಳಿಯುವುದಿಲ್ಲ. ಪ್ರತಿ ಮಳೆಗಾಲವೂ ಹಿಂಡು ಕರಗುತ್ತಿತ್ತು. ಇದು ಹೀಗೇ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಭರಮ ಒಪ್ಪಿಕೊಳ್ಳಲಿಲ್ಲ. ಅವರು ಹಾದುಹೋಗುವ ದಾರಿಯ ಪಕ್ಕದಲ್ಲೇ ಒಂದು ಅಗಲವಾದ ಬೆಟ್ಟವಿತ್ತು. ಅದರ ನೆತ್ತಿ ಬಯಲಿನಂತೆ ಚಪ್ಪಟೆ, ನೆಲವೆಲ್ಲ ಸಣ್ಣ ಕಲ್ಲು ಬೆರೆತ ಗರಸು. ಎಷ್ಟು ಮಳೆ ಬಿದ್ದರೂ ಅಲ್ಲಿ ಕೆಸರಾಗದು. ಹುಲ್ಲು ಮೊಣಕಾಲೆತ್ತರ ಬೆಳೆದು ತಾನೇ ಒಣಗಿ ಹೋಗುತ್ತಿತ್ತು. ಯಾರೂ ಅಲ್ಲಿಗೆ ಕುರಿ ಹತ್ತಿಸಿರಲಿಲ್ಲ. ಏಕೆಂದರೆ ಮಳೆ ನಿಂತ ಮೇಲೆ ಅಲ್ಲಿ ಹನಿ ನೀರೂ ಉಳಿಯುತ್ತಿರಲಿಲ್ಲ.

ಭರಮ ತನ್ನ ಪಾಲಿನ ಕುರಿ ಕೇಳಿದಾಗ ಅಣ್ಣ ಹೇಳಿದ: “ತಮ್ಮಾ, ಹುಲ್ಲು ಐತೆ ಅಂತ ಹೋಗ್ತೀಯ. ನೀರಿಗೇನು ಮಾಡ್ತೀಯ?”

“ಅಲ್ಲಿ ಹೋದ ಮೇಲೆ ನೋಡ್ತೀನಣ್ಣ. ಇಲ್ಲೇ ಇದ್ದು ನೋಡಿದ್ದು ಸಾಕಾಯ್ತು.”

ಅಣ್ಣ ಮುನಿಸಿಕೊಳ್ಳಲಿಲ್ಲ. ಒಳ್ಳೆಯ ಟಗರೊಂದನ್ನು ಪಾಲಿಗಿಂತ ಹೆಚ್ಚಾಗಿಯೇ ಕೊಟ್ಟು ಕಳುಹಿಸಿದ. ಭರಮನ ಹೆಂಡತಿ ಲಕ್ಕವ್ವ ಎರಡು ಕಂಬಳಿ, ಒಂದು ಗಡಿಗೆ, ಬೀಸುವ ಕಲ್ಲು ಹೊತ್ತು ಗಂಡನ ಹಿಂದೆ ಬೆಟ್ಟ ಹತ್ತಿದಳು.

ಆ ಮಳೆಗಾಲ ಒಂದು ಕುರಿಯೂ ಕುಂಟಲಿಲ್ಲ. ಭರಮ ಸಂಜೆಗೊಮ್ಮೆ ಕುರಿಗಳ ಕಾಲೆತ್ತಿ ಗೊರಸು ನೋಡುತ್ತಿದ್ದ, ನೋಡಿ ತನ್ನಷ್ಟಕ್ಕೇ ನಗುತ್ತಿದ್ದ. ಆದರೆ ದೀಪಾವಳಿ ಕಳೆಯುತ್ತಲೇ ಬಂಡೆಯ ತಗ್ಗುಗಳಲ್ಲಿ ಮಳೆನೀರು ನಿಂತಿದ್ದ ದೊಣೆಗಳು ಬತ್ತಿದವು. ದಿನವೂ ಹಿಂಡನ್ನು ಕೆಳಗಿನ ಹಳ್ಳಕ್ಕೆ ಇಳಿಸಬೇಕಾಯಿತು. ಇಳಿದು ಹತ್ತುವುದರಲ್ಲೇ ಮರಿಗಳು ಸೋತವು. ಕೊನೆಗೆ ಅವನು ಬೆಟ್ಟ ಇಳಿದು ಮತ್ತೆ ಅಣ್ಣನ ಹಿಂಡಿಗೆ ಸೇರಿಕೊಂಡ. ಅತ್ತಿಗೆ ಏನನ್ನೂ ಕೇಳದೆ ಅಂಬಲಿ ಕೊಟ್ಟಳು.

ಮುಂದಿನ ಮಳೆಗಾಲಕ್ಕೆ ಗಂಡ ಹೆಂಡತಿ ಗುದ್ದಲಿ, ಬುಟ್ಟಿಗಳೊಂದಿಗೆ ಬೆಟ್ಟ ಹತ್ತಿದರು. ಎರಡು ದಿಬ್ಬಗಳ ನಡುವಿನ ತಗ್ಗನ್ನು ಅಗೆದು ನೀರು ನಿಲ್ಲಲು ಕಟ್ಟೆ ಮಾಡಿದರು. ಮಳೆ ಬಂತು, ಕಟ್ಟೆ ತುಂಬಿತು. ಮಳೆ ನಿಂತ ಮೇಲೆ ನೀರು ಗರಸಿನಲ್ಲಿ ಇಂಗಿಹೋಯಿತು. ಹಳ್ಳದ ದಂಡೆಯಿಂದ ಜೇಡಿಮಣ್ಣು ಹೊತ್ತು ತಂದು ತಳಕ್ಕೆ ಹಾಸಿದರು. ಬಿಸಿಲಿಗೆ ಅದು ಬಿರುಕು ಬಿಟ್ಟಿತು. ಮತ್ತೆ ಬೇಸಿಗೆಗೆ ಕೆಳಗಿಳಿದರು. ಮರುವರ್ಷ ಮತ್ತೆ ಹತ್ತಿದರು.

ಅದೇ ವರ್ಷ, ಮಳೆ ಹಿಡಿದುಕೊಂಡಿದ್ದ ದಿನ, ಲಕ್ಕವ್ವನಿಗೆ ಹೆರಿಗೆ ನೋವು ಬಂತು. ಹಳ್ಳ ತುಂಬಿ ಹರಿಯುತ್ತಿತ್ತು, ಯಾರನ್ನೂ ಕರೆತರುವಂತಿರಲಿಲ್ಲ. ಲೆಕ್ಕವಿಲ್ಲದಷ್ಟು ಕುರಿಗಳನ್ನು ಈಯಿಸಿದ್ದ ಭರಮನ ಕೈ ಅಂದು ನಡುಗಿತು. ಹೆಣ್ಣು ಮಗು ಹುಟ್ಟಿತು. ಮಾಯವ್ವ ಎಂದು ಹೆಸರಿಟ್ಟರು. ಲಕ್ಕವ್ವ ಅಂದು ಕೂಗಲಿಲ್ಲ, ಅಳಲಿಲ್ಲ. ತನ್ನ ಹೆಂಡತಿ ಗಟ್ಟಿಗಿತ್ತಿ ಎಂದು ಭರಮ ಹಿಗ್ಗಿದ.

ಕಟ್ಟೆಯ ಗುಟ್ಟು ತಿಳಿದದ್ದು ಆಕಸ್ಮಿಕವಾಗಿ. ಒಂದು ದಿನ ತೋಳ ಕಂಡು ಬೆದರಿದ ಹಿಂಡು, ಹಸಿ ಜೇಡಿ ಹಾಸಿದ್ದ ಕಟ್ಟೆಯೊಳಗೆ ನುಗ್ಗಿ ಒಂದು ಮೂಲೆಯಲ್ಲಿ ಒಂದರ ಸುತ್ತ ಒಂದು ಸುತ್ತತೊಡಗಿತು. ನಾಯಿ ತೋಳವನ್ನು ಓಡಿಸಿತು. ತಾನು ಹಾಸಿದ ಮಣ್ಣೆಲ್ಲ ಹಾಳಾಯಿತೆಂದು ಭರಮ ತಲೆಗೆ ಕೈ ಹೊತ್ತ. ಮುಂದೆ ಮಳೆ ಬಂದು ನಿಂತಾಗ ಒಂದು ಸಂಗತಿ ಅವನ ಕಣ್ಣಿಗೆ ಬಿತ್ತು. ಕುರಿಗಳು ತುಳಿದ ಮೂಲೆಯಲ್ಲಷ್ಟೇ ನೀರು ನಿಂತಿತ್ತು. ಚಿಕ್ಕ ಚಿಕ್ಕ ಗೊರಸುಗಳು ಜೇಡಿಯನ್ನು ಗರಸಿನೊಳಗೆ ಒತ್ತಿ ಒತ್ತಿ ಕೂರಿಸಿದ್ದವು.

ಅವನು ಮತ್ತೆ ಜೇಡಿ ಹೊತ್ತು ತಂದ, ನೆನೆಸಿದ, ಇಡೀ ಹಿಂಡನ್ನು ಕಟ್ಟೆಗೆ ಇಳಿಸಿದ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಲಕ್ಕವ್ವ ಒಂದು ದಡದಿಂದ, ಅವನು ಇನ್ನೊಂದು ದಡದಿಂದ ಹಿಂಡನ್ನು ಸುತ್ತಿಸಿದರು. ಆ ವರ್ಷ ಬೇಸಿಗೆಯಲ್ಲೂ ಕಟ್ಟೆಯಲ್ಲಿ ನೀರಿತ್ತು. ಭರಮ ಬೆಟ್ಟ ಇಳಿಯಲಿಲ್ಲ.

ಅಲ್ಲಿಂದ ಅವನ ಬಾಳು ಕುದುರಿತು. ಹಿಂಡು ಬೆಳೆಯಿತು. ಮೇಲಿನ ತಂಪು ಗಾಳಿಗೆ ಉಣ್ಣೆ ದಟ್ಟವಾಗಿ ಬಂತು, ಕಂಬಳಿ ನೇಯುವವರು ತಾವೇ ಹತ್ತಿ ಬಂದು ಒಯ್ಯತೊಡಗಿದರು. ಮಾಯವ್ವನ ಬೆನ್ನಿಗೆ ರೇವಣ ಎಂಬ ಮಗ ಹುಟ್ಟಿದ. ಮನೆ ಎಂದರೆ ಕಲ್ಲಿನ ಗೋಡೆ, ಮೇಲೆ ಹುಲ್ಲು. ಊಟಕ್ಕೆ ರೊಟ್ಟಿ, ಹಾಲು. ಇಷ್ಟರಲ್ಲಿ ತನಗೆ ಕೊರತೆ ಎಂಬುದೇ ಇಲ್ಲವೆಂದು ಭರಮನಿಗೆ ಅನ್ನಿಸುತ್ತಿತ್ತು. ಒಮ್ಮೊಮ್ಮೆ ಲಕ್ಕವ್ವ ಹಾಲು ಕರೆಯುತ್ತ ಕುರಿಯೊಂದಿಗೆ ಮಾತಾಡುವುದು ಅವನ ಕಿವಿಗೆ ಬೀಳುತ್ತಿತ್ತು. ಮಗಳಿಗೆ ಜ್ವರ ಬಂದದ್ದು, ತನಗೆ ತವರು ನೆನಪಾದದ್ದು, ಎಲ್ಲವನ್ನೂ ಅದಕ್ಕೆ ಹೇಳುತ್ತಿದ್ದಳು. ಅದು ತಮಾಷೆಯೆಂದು ಅವನು ನಗುತ್ತಿದ್ದ.

ವರ್ಷಗಳು ಕಳೆದವು. ಕೆಳಗಿನ ಸೀಮೆಗೆ ಕಾಲುವೆ ಬಂತು. ರೈತರು ಬೆಳೆಯ ಮೇಲೆ ಬೆಳೆ ತೆಗೆದರು. ಹೊಲ ಖಾಲಿ ಬೀಳುವುದೇ ನಿಂತುಹೋಯಿತು. ಕುರಿ ತರುಬಲು ಜಾಗವಿಲ್ಲದೆ ಕುರಿಗಾರರು ದಿಕ್ಕು ಹುಡುಕಿಕೊಂಡು ಚದುರಿದರು. ಒಂದು ಬೇಸಿಗೆಯಲ್ಲಿ ಒಬ್ಬ ಮುದುಕ, ಅವನ ಮಗ, ತುಂಬು ಬಸುರಿ ಸೊಸೆ, ಹಿಂಡಿನ ಸಮೇತ ಬೆಟ್ಟ ಹತ್ತಿ ಬಂದರು. ಕುರಿಗಳು ನೀರಿನ ವಾಸನೆಗೆ ಅರಚುತ್ತಿದ್ದವು. ಆದರೂ ಮುದುಕ ಅವನ್ನು ಕಟ್ಟೆಗೆ ಬಿಡದೆ ದೂರದಲ್ಲೇ ತಡೆದು ನಿಲ್ಲಿಸಿ ಕೇಳಿದ:

“ಯಜಮಾನ್ರೇ, ಮಳೆ ಬರೋವರೆಗೆ ಇಲ್ಲಿ ಇರಬಹುದಾ?”

ರೇವಣ ಆಗ ಮೀಸೆ ಬಂದ ಹುಡುಗ. ಕೋಲು ಅಡ್ಡ ಹಿಡಿದು ಕಟ್ಟೆಯ ಮುಂದೆ ನಿಂತ. ಕಟ್ಟೆಯಲ್ಲಿ ನೀರು ಅರ್ಧಕ್ಕಿಳಿದಿತ್ತು. ತಮ್ಮ ಹಿಂಡಿಗೆ ಅದು ಸಾಕು, ಎರಡು ಹಿಂಡಿಗೆ ಸಾಲದು. ಭರಮನ ಮನಸ್ಸೂ ಮಗನ ಕಡೆಗೇ ಇತ್ತು. ಜೇಡಿಯ ಬುಟ್ಟಿ ಹೊತ್ತು ಸವೆದ ಹೆಗಲು ಅವನಿಗೆ ನೆನಪಾಯಿತು. ಆಗ ಇವರೆಲ್ಲ ಎಲ್ಲಿದ್ದರು ಎಂದುಕೊಂಡ. ಬಾಯಲ್ಲಿ ಮಾತ್ರ, “ಈಗ ಕುರಿಗಳಿಗೆ ನೀರು ಕುಡಿಸ್ರಿ. ಬಿಸಿಲು ಇಳಿದ ಮೇಲೆ ಹೊರಡ್ರಿ. ಇಬ್ಬರಿಗೆ ಆಗೋವಷ್ಟು ಇಲ್ಲಿಲ್ಲ” ಎಂದ. ಮುದುಕ ಕೈಮುಗಿದು ಕುರಿಗಳ ಕಡೆಗೆ ತಿರುಗಿದ.

ಭರಮ ಹೆಂಡತಿಗೆ ವಿಷಯ ತಿಳಿಸಲು ಮನೆಗೆ ಹೋದ. ಲಕ್ಕವ್ವ ಮನೆಯಲ್ಲಿರಲಿಲ್ಲ. ಮನೆಯ ಹಿಂದೆ ನೆರಳಿನಲ್ಲಿ ಮುದುಕನ ಸೊಸೆಯನ್ನು ಕೂರಿಸಿಕೊಂಡು ಅವಳ ಊದಿದ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಮಾಯವ್ವ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಏಕೆಂದರೆ ಅವಳ ತಾಯಿ ಮಾತಾಡುತ್ತಿದ್ದಳು, ತಡೆಯೇ ಇಲ್ಲದೆ, ಕಟ್ಟೆ ಒಡೆದ ಹಾಗೆ. ಭರಮ ಗೋಡೆಯ ಈಚೆ ನಿಂತುಬಿಟ್ಟ.

“ಇವಳು ಹುಟ್ಟುವಾಗ ಸತ್ತೇ ಹೋಗ್ತೀನಿ ಅನ್ನಿಸ್ತು ನೋಡವ್ವ. ಕೂಗೋಣ ಅಂದ್ರೆ, ಪಾಪ, ನಮ್ಮ ಯಜಮಾನ್ರ ಕೈ ಮೊದಲೇ ನಡುಗ್ತಿತ್ತು. ನಾನೂ ಕೂಗಿದ್ರೆ ಅವರು ಎದೆ ಒಡ್ಕೊಂಡಾರು ಅಂತ ಬಾಯಿಗೆ ಕಂಬಳಿ ತುರುಕ್ಕೊಂಡೆ. ಹಿಡ್ಕೊಳ್ಳೋಕೆ ಒಂದು ಹೆಂಗಸಿನ ಕೈ ಇದ್ದಿದ್ರೆ ಸಾಕಿತ್ತು. ಬೇರೆ ಏನೂ ಬೇಕಿರಲಿಲ್ಲ.” ಆಮೇಲೆ ಅವಳು ನಕ್ಕಳು. “ಅವರಿಗೆ ಹೇಳಬೇಡ ಮತ್ತೆ. ನಾನು ಗಟ್ಟಿಗಿತ್ತಿ ಅಂತ ಅಂದ್ಕೊಂಡಿದ್ದಾರೆ.”

ಆ ನಗುವನ್ನು ಭರಮ ಮದುವೆಯಾದ ಹೊಸದರಲ್ಲಿ ಕೇಳಿದ್ದ. ನಡುವೆ ಅದು ನಿಂತುಹೋದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಇಷ್ಟು ವರ್ಷ ತಾನು ನೀರಿನ ಕೊರತೆಯೊಂದನ್ನೇ ನೋಡಿದೆನಲ್ಲ ಎಂದುಕೊಂಡ. ಸದ್ದು ಮಾಡದೆ ಹಿಂದಕ್ಕೆ ಬಂದು, ಹೊರಡಲು ಗಂಟು ಕಟ್ಟುತ್ತಿದ್ದ ಮುದುಕನ ಕೈ ಹಿಡಿದ.

“ಹಿರಿಯರೇ, ನಾನು ಅಂದದ್ದು ಮರೆತುಬಿಡ್ರಿ. ಇಲ್ಲೇ ಇಳೀರಿ.”

ರೇವಣನಿಗೆ ಸಿಟ್ಟು ಬಂತು. “ಅಪ್ಪಾ, ಇಲ್ಲಿಗೆ ಮೊದಲು ಬಂದವರು ನಾವಲ್ವಾ?”

“ಹೌದು ಕಣಪ್ಪಾ. ನಾವು ಬಂದಾಗ ಬನ್ನಿ ಅನ್ನೋರು ಇಲ್ಲಿ ಯಾರೂ ಇರಲಿಲ್ಲ. ಅದು ಎಂಥ ಕಷ್ಟ ಅಂತ ನಿನ್ನ ಅವ್ವನ್ನ ಕೇಳು.”

ಆ ಬೇಸಿಗೆ ಹಗುರಾಗಿರಲಿಲ್ಲ. ಕಟ್ಟೆಯ ನೀರನ್ನು ಈದ ಕುರಿಗಳಿಗೂ ಮರಿಗಳಿಗೂ ಮೀಸಲಿಟ್ಟರು. ಬಲವಾದ ಕುರಿಗಳನ್ನು ರೇವಣನೂ ಮುದುಕನ ಮಗನೂ ದಿನಾ ಹಳ್ಳಕ್ಕೆ ಇಳಿಸಿ ಹತ್ತಿಸಿದರು. ಮೊದಲ ದಿನಗಳಲ್ಲಿ ರೇವಣ ಹತ್ತು ಹೆಜ್ಜೆ ಮುಂದೆಯೇ ನಡೆಯುತ್ತಿದ್ದ. ಆಮೇಲೆ ಇಬ್ಬರೂ ದಾರಿಯುದ್ದಕ್ಕೂ ಹಾಡು ಹೇಳಿಕೊಂಡು ಹೋಗುವುದು ಮೇಲಿನವರೆಗೂ ಕೇಳಿಸತೊಡಗಿತು. ಕಟ್ಟೆಯ ತಳ ಕಾಣುವ ಹೊತ್ತಿಗೆ ಮೋಡ ಕವಿಯಿತು. ಮಳೆಗೆ ಮುಂಚೆ ಮುದುಕನ ಸೊಸೆ ಹೆತ್ತಳು. ಅವಳು ಬೆಟ್ಟಕ್ಕೆಲ್ಲ ಕೇಳುವ ಹಾಗೆ ಕೂಗಿದಳು. ಅವಳ ಕೈ ಹಿಡಿದು ಕುಳಿತಿದ್ದ ಲಕ್ಕವ್ವ, “ಕೂಗವ್ವ, ಇನ್ನೂ ಕೂಗು” ಎನ್ನುತ್ತಿದ್ದಳು.

ಮಳೆ ಬಂದರೂ ಅವರು ಹೋಗಲಿಲ್ಲ. ಹೋಗಿ ಎಂದು ಯಾರೂ ಹೇಳಲೂ ಇಲ್ಲ. ಎರಡು ಹಿಂಡೂ ಸೇರಿ ಇನ್ನೊಂದು ಕಟ್ಟೆ ತುಳಿದವು. ಕೈ ಹೆಚ್ಚಿದ್ದರಿಂದ ಅದು ಒಂದೇ ಮಳೆಗಾಲದಲ್ಲಿ ಮುಗಿಯಿತು. ಮತ್ತೆ ಬೇರೆಯವರು ಬಂದರು, ಮತ್ತೊಂದು ಕಟ್ಟೆಯಾಯಿತು. ಮಾಯವ್ವ ಮದುವೆಯಾಗಿ ಅದೇ ಬೆಟ್ಟದ ಇನ್ನೊಂದು ಅಂಚಿನಲ್ಲಿ ಮನೆ ಮಾಡಿದಳು. ಲಕ್ಕವ್ವನ ಅಂಗಳದಲ್ಲಿ ಸಂಜೆ ಹೆಂಗಸರು ಉಣ್ಣೆ ನೂಲುತ್ತ ಕೂರುತ್ತಿದ್ದರು. ಅವರ ಮಾತು ಮುಗಿಯದೆ ರೊಟ್ಟಿ ಸಿಗುತ್ತಿರಲಿಲ್ಲ. ಭರಮ ಹಸಿದುಕೊಂಡೇ ಗೋಡೆಗೊರಗಿ ಕೂತು ಕೇಳುತ್ತಿದ್ದ.

ಒಮ್ಮೆ ಪಕ್ಕದ ಮನೆಯ ಪುಟ್ಟ ಹುಡುಗಿಯೊಬ್ಬಳು ಅವನಿಗೇ ಪಾಠ ಹೇಳಿದಳು: “ತಾತಾ, ಈ ಕಟ್ಟೆ ಯಾರೂ ಮಾಡಿದ್ದಲ್ಲವಂತೆ. ಬೆಟ್ಟ ಹುಟ್ಟುವಾಗಲೇ ಇತ್ತಂತೆ.”

“ಇರಬಹುದು ಕಣವ್ವ” ಎಂದ ಭರಮ. ಅಂದು ಊಟಕ್ಕೆ ಕುಳಿತಾಗ ಆ ಮಾತನ್ನು ಹೆಂಡತಿಗೆ ಹೇಳಿ ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಗುರುಗಳೇ, ಕಟ್ಟೆಯ ನೀರು ಎಲ್ಲರಿಗೂ ಸಿಕ್ಕಿತು. ಕಟ್ಟಿದವನ ಹೆಸರೂ ಉಳಿಯಲಿಲ್ಲ. ಹಾಗಾದರೆ ಭರಮನಿಗೆ ಬೇರೆಯಾಗಿ ಸಿಕ್ಕಿದ್ದೇನು?”

ಗುರುಗಳು ಹೇಳಿದರು: “ನೀರು ಯಾವಾಗ ಬಂದವನಿಗೂ ಸಿಗುತ್ತದೆ, ಮಗು. ಬರುವವರಿಗೆ ಬನ್ನಿ ಎನ್ನುವ ಭಾಗ್ಯ ಮೊದಲು ಬಂದವನಿಗೆ ಮಾತ್ರ.”