ಆಲೆಮನೆಯವನಿಗೆ ತಂದ ಕನ್ನಡಿ

"ಬುದ್ಧಿ, ನೊಂದವರಿಗೆ ‘ನಿನ್ನೊಳಗೇ ನೋಡಿಕೋ, ಧೈರ್ಯ ಅಲ್ಲೇ ಇದೆ’ ಎಂದು ಹೇಳಬೇಕೆಂದು ನೀವೇ ಕಲಿಸಿದಿರಿ. ಆ ಮಾತು ಎಷ್ಟೋ ಜನರಿಗೆ ನಾಟಿದೆ. ಚೆನ್ನಾಜಮ್ಮನಿಗೆ ಮಾತ್ರ ಏಕೆ ನಾಟಲಿಲ್ಲ?" ಎಂದು ಶಿಷ್ಯ ಮರುಳಸಿದ್ಧ ಕೇಳಿದ.

ಚೆನ್ನಾಜಮ್ಮ ಮಠದ ಹಿಂದಿನ ಬೀದಿಯವಳು. ಗಂಡ ತೀರಿಕೊಂಡ ವರ್ಷವೇ ಮಗನೂ ತೀರಿಕೊಂಡಿದ್ದ. ಮರುಳಸಿದ್ಧ ದಿನವೂ ಅವಳ ಬಾಗಿಲಲ್ಲಿ ನಿಂತು ಉಪದೇಶ ಮಾಡಿ ಬರುತ್ತಿದ್ದ. ಆ ದಿನ ಅವಳು, "ಒಳಗೆ ನೋಡಿಕೊಂಡೆ ಸ್ವಾಮಿ. ಏನೂ ಇಲ್ಲ. ಹೋಗಿ ಬನ್ನಿ" ಎಂದು ಬಾಗಿಲು ಹಾಕಿಕೊಂಡಿದ್ದಳು.

"ಹಾಕಿಕೊಂಡಳೋ? ಒಳ್ಳೆಯದಾಯಿತು. ಇಲ್ಲದಿದ್ದರೆ ನೀನು ಇನ್ನೂ ಅಲ್ಲೇ ಹೇಳುತ್ತಾ ನಿಂತಿರುತ್ತಿದ್ದೆ" ಎಂದರು ಗುರುಗಳು. "ಕೂತ್ಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಿ ಅರ್ಥ ಬಿಡಿಸಬೇಡ."

ಒಂದು ಊರಿನಲ್ಲಿ ಆಲೆಮನೆಯ ಕೆಲಸಗಾರನೊಬ್ಬನಿದ್ದ. ಹೆಸರು ಬೇಕಾದರೆ ಚಿಕ್ಕಮಾದು ಎಂದಿಟ್ಟುಕೋ. ಗಾಣಕ್ಕೆ ಕಬ್ಬು ಕೊಡುವುದು ಅವನ ಕೆಲಸ. ಒಂದು ದಿನ ಕಬ್ಬಿನ ಜೊತೆ ಎಡಗೈಯೂ ಸಿಕ್ಕಿಕೊಂಡಿತು. ಅದನ್ನು ಎಳೆದುಕೊಳ್ಳಲು ಬಲಗೈ ಹಾಕಿದ, ಅದೂ ಸಿಕ್ಕಿಕೊಂಡಿತು. ಕೂಗು ಕೇಳಿ ಯಾರೋ ಗಾಣ ನಿಲ್ಲಿಸುವಷ್ಟರಲ್ಲಿ ಎರಡೂ ಹೋಗಿದ್ದವು.

ಗಾಯ ಮಾಯಿತು. ನೋವು ಹೋಗಲಿಲ್ಲ. "ಬಲಗೈ ಎಡಗೈಯ ಮಣಿಕಟ್ಟು ಹಿಡಕೊಂಡಿದೆ ಅಣ್ಣಾ. ಉಗುರು ಇಳಿಯೋ ಹಾಗೆ ಹಿಡಿದಿದೆ. ಬಿಡಿಸು" ಎಂದು ಅವನು ಅಣ್ಣನನ್ನು ಬೇಡಿಕೊಂಡ. ಅಣ್ಣ ಅವನ ಮೊಂಡು ತೋಳುಗಳನ್ನು ನೋಡಿದ. "ಇಲ್ಲದ ಕೈ ಹೇಗೋ ಹಿಡಿಯುತ್ತೆ? ಸುಮ್ಮನೆ ಮಲಗು" ಎಂದ. ಊರಿನಲ್ಲಿ ಕೆಲವರು ನಕ್ಕರು. ಕೆಲವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರು.

ಯಾರೂ ಕೆಟ್ಟವರಲ್ಲ, ಅದನ್ನು ಮೊದಲು ತಿಳಿದುಕೋ. ಅಣ್ಣ ಮೀಯಿಸುತ್ತಿದ್ದ. ಅತ್ತಿಗೆ ಹೊತ್ತುಹೊತ್ತಿಗೆ ಉಣಿಸುತ್ತಿದ್ದಳು. ಅವನ ನೋವನ್ನು ಮಾತ್ರ ಒಬ್ಬರೂ ನಂಬಲಿಲ್ಲ. ಮಾದು ಹೇಳುವುದನ್ನೇ ಬಿಟ್ಟ. ಮನೆ ತುಂಬ ಜನ, ಅವನೊಬ್ಬನೇ ಪರವೂರಿನಲ್ಲಿದ್ದ ಹಾಗಿದ್ದ. ಬರಬರುತ್ತಾ ಊಟ ಸೇರದಾಯಿತು. ತುತ್ತು ಹಿಡಿದರೆ ಮುಖ ತಿರುಗಿಸತೊಡಗಿದ. "ಈ ಹುಡುಗ ಉಳಿಯೋದಿಲ್ಲ" ಎಂದು ಅತ್ತಿಗೆ ಒಲೆಯ ಮುಂದೆ ಕೂತು ಅತ್ತಳು.

ಹತ್ತಿರದ ಪಟ್ಟಣದಲ್ಲಿ ಕೆಲವರು ಸೇರಿಕೊಂಡು ಇಂಥವರ ಮನೆಗಳಿಗೆ ಕನ್ನಡಿ ಒಯ್ಯುತ್ತಿದ್ದರು. ಹುಬ್ಬೇರಿಸಬೇಡ, ಹೇಳುತ್ತೇನೆ. ಕತ್ತರಿಸಿ ಹೋದ ಕೈ ಕೆಲವರಿಗೆ ಇದ್ದಂತೆಯೇ ನೋಯುತ್ತಿರುತ್ತದೆ. ಎದೆಯ ಮುಂದೆ, ಎರಡು ತೋಳುಗಳ ನಡುವೆ, ಕನ್ನಡಿಯನ್ನು ಅಡ್ಡಗೋಡೆಯ ಹಾಗೆ ನಿಲ್ಲಿಸಿ, ಉಳಿದ ಕೈಯನ್ನು ಅದರೆದುರು ಇಟ್ಟರೆ, ಹೋದ ಕೈ ಮರಳಿ ಬಂದಂತೆ ಅದರಲ್ಲಿ ಕಾಣುತ್ತದೆ. ಉಳಿದ ಕೈಯ ಮುಷ್ಟಿ ಬಿಚ್ಚಿದರೆ ಹೋದ ಕೈಯೂ ಬಿಚ್ಚಿದಂತಾಗಿ ಎಷ್ಟೋ ಜನರಿಗೆ ನೋವು ಇಳಿಯುತ್ತದೆ. ಸುಳ್ಳೇ. ಆದರೆ ನೋವು ಇಳಿಯುವುದು ನಿಜ.

ಆ ಗುಂಪಿನಲ್ಲಿ ನಜೀರ ಎಂಬವನಿದ್ದ. ವಾರವೆಲ್ಲ ಬಟ್ಟೆ ಅಂಗಡಿಯಲ್ಲಿ ದುಡಿಮೆ, ರಜೆಯ ದಿನ ಈ ಕೆಲಸ. ಅವನು ಕನ್ನಡಿಯನ್ನು ಗೋಣಿತಾಟಿನಲ್ಲಿ ಸುತ್ತಿ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಮಾದುವಿನ ಊರಿಗೆ ಬಂದ. ಅರಳಿಕಟ್ಟೆಯ ಮೇಲಿದ್ದವರನ್ನು, "ಕೈ ಹೋದವರ ಮನೆ ಯಾವುದು?" ಎಂದು ಕೇಳಿದ. ಬಂದ ಕೆಲಸ ತಿಳಿದು ಅವರು, "ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅಂತಾರೆ. ನೀನು ಇಲ್ಲದ ಅಂಗೈಗೇ ತಂದಿದ್ದೀಯಲ್ಲಪ್ಪಾ!" ಎಂದು ನಕ್ಕು ಮನೆ ತೋರಿಸಿದರು. ಹೋದದ್ದು ಒಂದೋ ಎರಡೋ ಎಂದು ಅವನು ಕೇಳಲಿಲ್ಲ, ಅವರು ಹೇಳಲಿಲ್ಲ.

ಮಾದು ಕಂಬಳಿ ಹೊದ್ದು ಮೂಲೆಯಲ್ಲಿ ಕೂತಿದ್ದ. ನಜೀರ ಕನ್ನಡಿ ಬಿಚ್ಚಿ, ಒರೆಸಿ, ಅವನ ಮುಂದೆ ನಿಲ್ಲಿಸಿದ. "ಅಣ್ಣ, ಇರೋ ಕೈನ ಈ ಕಡೆ ಇಡಿ" ಎಂದ, ಬಲು ಉತ್ಸಾಹದಿಂದ.

ಮಾದು ಹೆಗಲು ಕೊಡವಿ ಕಂಬಳಿ ಜಾರಿಸಿದ. "ಯಾವ ಕೈ ಇಡಲಿ?" ಎಂದ.

ನಜೀರನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟ. ತಾನು ಕಲಿತದ್ದೆಲ್ಲ ಅಲ್ಲಿಗೆ ಮುಗಿದಿತ್ತು. ತಪ್ಪಾಯಿತೆಂದು ಹೇಳಿ ಎದ್ದು ಬಸ್ಸು ಹಿಡಿಯಬಹುದಿತ್ತು. ಅವನು ಏಳಲಿಲ್ಲ.

"ನೋವು ಎಲ್ಲಿದೆ ಅಣ್ಣ?" ಎಂದು ಕೇಳಿದ.

"ಹೇಳಿದರೆ ನೀನೂ ನಗ್ತೀಯ."

"ನಗೋದಕ್ಕೆ ಇಷ್ಟು ದೂರ ಬರಬೇಕಾಗಿತ್ತಾ?"

ಮಾದು ಹೇಳಿದ. ನಜೀರ ಅವನ ಹಿಂದೆ ಹೋಗಿ ಕೂತು, ಅವನನ್ನು ತನ್ನ ಎದೆಗೆ ಒರಗಿಸಿಕೊಂಡು, ಅವನ ಕಂಕುಳ ಕೆಳಗಿಂದ ತನ್ನ ಎರಡೂ ಕೈಗಳನ್ನು ಮುಂದಕ್ಕೆ ಚಾಚಿದ. ಮಾದುವಿನ ಅಣ್ಣನನ್ನು ಕರೆದು, ಇಬ್ಬರ ತೋಳುಗಳೂ ಮುಚ್ಚುವಂತೆ ಕಂಬಳಿ ಹೊದಿಸಲು ಹೇಳಿದ. ಮುಂದೆ ಕಾಣುತ್ತಿದ್ದದ್ದು ಎರಡು ಕೈ ಮಾತ್ರ. ನಜೀರ ಬಲಗೈಯಿಂದ ತನ್ನ ಎಡಗೈಯ ಮಣಿಕಟ್ಟು ಹಿಡಿದ.

"ಹೀಗಾ?"

"ಇನ್ನೂ ಗಟ್ಟಿಯಾಗಿ."

"ಹೀಗಾ?"

"ಹೂಂ. ಹೀಗೇ. ಅಯ್ಯೋ, ಹೀಗೇ ಕಣಪ್ಪಾ."

"ಈಗ ಬಿಡು ಅಂತ ನೀವೇ ಹೇಳಿ."

ಮಾದು ಆ ಕೈಗಳನ್ನು ಬಹಳ ಹೊತ್ತು ನೋಡಿದ. "ಬಿಡು" ಎಂದ. ಬೆರಳುಗಳು ಒಂದೊಂದಾಗಿ ಸಡಿಲಿದವು. ಎಡಗೈ ಹೊರಗೆ ಬಂತು. ಎರಡೂ ಅಂಗೈಗಳು ಮಾದುವಿನ ಮಡಿಲಲ್ಲಿ ಬಿಚ್ಚಿಕೊಂಡು ಬಿದ್ದವು. ಮಾದು ಗೊಳೋ ಎಂದು ಅತ್ತುಬಿಟ್ಟ. ಅತ್ತು ಮುಗಿದ ಮೇಲೆ, "ಅತ್ತಿಗೆ, ಮುದ್ದೆ ಏನಾದ್ರೂ ಮಿಕ್ಕಿದೆಯಾ?" ಎಂದು ಕೇಳಿದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮರುಳಸಿದ್ಧನಿಗೆ ತಡೆಯಲಾಗಲಿಲ್ಲ. "ನೋವು ಪೂರ್ತಿ ಹೋಯಿತೇ ಬುದ್ಧಿ?" ಎಂದ.

"ಎಲ್ಲಿ ಹೋಗುತ್ತದೆ? ಸಂಜೆಗೇ ಮತ್ತೆ ಬಂತು. ಬೇರೆ ಮನೆಗಳಲ್ಲಿ ನಜೀರ ಕನ್ನಡಿ ಬಿಟ್ಟು ಬರುತ್ತಿದ್ದ. ಇಲ್ಲಿ ಏನು ಬಿಟ್ಟು ಬರುವುದು? ಹೊರಡುವ ಮೊದಲು ಅಣ್ಣನನ್ನು ತಮ್ಮನ ಬೆನ್ನ ಹಿಂದೆ ಕೂರಿಸಿ ಕೆಲಸ ಹೇಳಿಕೊಟ್ಟ. ಅಂದಿನಿಂದ ನೋವು ಬಂದಾಗ ಅಣ್ಣ ಇದ್ದ ಕೆಲಸ ಬಿಟ್ಟು ಬಂದು ಕೂರಬೇಕಾಯಿತು. ಎಲ್ಲಿ ಹಿಡಿದಿದೆ, ಎಷ್ಟು ಗಟ್ಟಿ ಹಿಡಿದಿದೆ ಎಂದು ತಮ್ಮನನ್ನು ಕೇಳಬೇಕಾಯಿತು. ಕೆಲವು ದಿನ ನೋವು ಇಳಿಯುತ್ತಿತ್ತು. ಕೆಲವು ದಿನ ಇಲ್ಲ. ಇಳಿಯದ ದಿನವೂ ಮಾದು ಉಂಡ."

"ಹಾಗಾದರೆ ಕನ್ನಡಿಯೇ ತಪ್ಪೇ?"

"ಕನ್ನಡಿಗೇನಾಗಿದೆ ಕಣೋ? ಒಂದು ಕೈ ಉಳಿದವರಿಗೆ ಅದು ಸಾಕು" ಎಂದರು ಗುರುಗಳು. ಆಮೇಲೆ ಶಿಷ್ಯನ ಮುಖವನ್ನೇ ನೋಡುತ್ತಾ ಕೇಳಿದರು: "ಚೆನ್ನಾಜಮ್ಮನ ಬಾಗಿಲಿಗೆ ದಿನಾ ಕನ್ನಡಿ ಹೊತ್ತುಕೊಂಡು ಹೋದೆಯಲ್ಲ, ನಿನ್ನ ಕೈ ಎಲ್ಲಿ ಬಿಟ್ಟು ಹೋಗುತ್ತಿದ್ದೆ?"